ಬೆಟ್ಟಕ್ಕೂ ಒಂದು ಬಾಗಿಲು ಬೇಕೆ?

ಹೊರನಾಡ ಕನ್ನಡಿಗರು ನಾಲ್ವರು ಕೂಡಿದಲ್ಲಿ ಈಚಿನ ಒಂದೆರಡು ವರ್ಷಗಳಿಂದ ಒಂದು ದೂರು ತಪ್ಪದೆ ಕೇಳಿಬರುತ್ತಿದೆ. ರಾಜ್ಯೋತ್ಸವದ ಸಿದ್ಧತೆಯ ಸಭೆಯಿರಲಿ, ಸಂಘದ ವಾಚನಾಲಯದ ಹರಟೆಯಿರಲಿ, ರಜೆಯಲ್ಲಿ ಊರಿಗೆ ಹೋಗಿ ಬಂದ ಯಾರಾದರೊಬ್ಬರು ಅದನ್ನು ಎತ್ತುತ್ತಾರೆ: "ನಮ್ಮ ನಾಡಿನ ಬೆಟ್ಟವನ್ನು ಹತ್ತಲು ನಾವೇ ಮುಂಗಡ ಚೀಟಿ ಪಡೆಯಬೇಕಂತೆ! ಇದೆಂಥ ನ್ಯಾಯ?" ಕೇಳಿದವರು ತಲೆದೂಗುತ್ತಾರೆ. ಮಕ್ಕಳಿಗೆ ತಾಯ್ನಾಡನ್ನು ತೋರಿಸಬೇಕೆಂದು ವರ್ಷವಿಡೀ ರಜೆ ಕೂಡಿಸಿಟ್ಟು, ರೈಲಿನಲ್ಲಿ ರಾತ್ರಿ ಕಳೆದು, ಬೆಟ್ಟದ ಬುಡದಲ್ಲಿ ನಿಂತಾಗ "ಇಂದಿನ ಪಾಲು ಮುಗಿಯಿತು" ಎಂಬ ಮಾತು ಕೇಳಬೇಕಾಗಿ ಬಂದವರ ಬೇಸರ ನನಗೆ ಅರ್ಥವಾಗದ್ದಲ್ಲ. ಮೂರು ದಶಕಗಳಿಂದ ಪುಣೆಯಲ್ಲಿ ಸಂಸಾರ ಹೂಡಿರುವ ನಾನೂ ಅದೇ ಬಗೆಯ ಪ್ರವಾಸಿಯೇ. ಆದರೂ ಈ ದೂರಿಗೆ ತಲೆದೂಗುವ ಮುನ್ನ ಅದನ್ನು ಸ್ವಲ್ಪ ಬಿಡಿಸಿ ನೋಡಬೇಕೆಂಬುದು ನನ್ನ ವಿನಂತಿ.

ಮೊದಲು ಸಂಗತಿಗಳನ್ನು ನೋಡೋಣ. 2024ರ ಜನವರಿಯಲ್ಲಿ, ಗಣರಾಜ್ಯೋತ್ಸವದ ರಜೆ ಶನಿವಾರ ಭಾನುವಾರಗಳೊಡನೆ ಕೂಡಿಬಂದಾಗ, ಪುಷ್ಪಗಿರಿ ವನ್ಯಜೀವಿಧಾಮದೊಳಗಿನ ಕುಮಾರ ಪರ್ವತದ ಕಾಲುದಾರಿಯಲ್ಲಿ ರಥಬೀದಿಯನ್ನು ನೆನಪಿಸುವಷ್ಟು ಜನ ಸೇರಿದರು. ಆ ದೃಶ್ಯಗಳು ನಾಡಿನಾದ್ಯಂತ ಹರಡಿದ ಮೇಲೆ, ಮುಂಗಡ ನೋಂದಣಿಯ ವ್ಯವಸ್ಥೆಯಿಲ್ಲದ ಚಾರಣಗಳನ್ನು ಕರ್ನಾಟಕ ಸರ್ಕಾರ ತಡೆಹಿಡಿಯಿತು. ಅದೇ ವರ್ಷ ಅರಣ್ಯ ಇಲಾಖೆಯ ಆನ್‌ಲೈನ್ ನೋಂದಣಿ ಜಾರಿಗೆ ಬಂತು. ಕರ್ನಾಟಕದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಗೆ ಏರುವ ವಾಹನಗಳಿಗೆ ಚಿಕ್ಕಮಗಳೂರು ಜಿಲ್ಲಾಡಳಿತ 2025ರ ಸೆಪ್ಟೆಂಬರಿನಿಂದ ಮಿತಿ ಹಾಕಿತು: ಬೆಳಿಗ್ಗೆ 600, ಮಧ್ಯಾಹ್ನ 600. ಚೆನ್ನೈಯ ನಮ್ಮ ಬಂಧುಗಳು ಬೇಸಿಗೆಯಲ್ಲಿ ಓಡುವ ಊಟಿ, ಕೊಡೈಕನಾಲುಗಳಿಗೆ ಮದರಾಸು ಹೈಕೋರ್ಟು 2024ರ ಮೇ ತಿಂಗಳಿನಿಂದ ಇ-ಪಾಸು ಕಡ್ಡಾಯ ಮಾಡಿತು. 2025ರ ಏಪ್ರಿಲ್‌ನಿಂದ ಊಟಿಗೆ ವಾರದ ದಿನಗಳಲ್ಲಿ 6,000, ವಾರಾಂತ್ಯದಲ್ಲಿ 8,000 ವಾಹನಗಳೆಂದೂ, ಕೊಡೈಕನಾಲಿಗೆ ಕ್ರಮವಾಗಿ 4,000 ಹಾಗೂ 6,000 ಎಂದೂ ಸಂಖ್ಯೆಯನ್ನೇ ಗೊತ್ತುಪಡಿಸಿತು. ಇವೆಲ್ಲಕ್ಕಿಂತ ಎಷ್ಟೋ ಮೊದಲೇ ನಮ್ಮ ನೆರೆಯ ಸಾತಾರಾದ ಕಾಸ್ ಪ್ರಸ್ಥಭೂಮಿಯಲ್ಲಿ ಹೂವಿನ ಕಾಲಕ್ಕೆ ದಿನಕ್ಕೆ 3,000 ಮಂದಿ ಎಂಬ ಮಿತಿ ಬಂದಿತ್ತು. ಅಂದರೆ ಇದು ಒಂದು ಸರ್ಕಾರದ ತಿಕ್ಕಲಲ್ಲ, ಒಂದು ಜಿಲ್ಲೆಯ ಮುನಿಸೂ ಅಲ್ಲ. ಪಶ್ಚಿಮ ಘಟ್ಟದ ಉದ್ದಕ್ಕೂ ಸಾರ್ವಜನಿಕ ನೆಲದ ಬಾಗಿಲಲ್ಲಿ ಎಣಿಕೆ ಶುರುವಾಗಿದೆ.

ನಮ್ಮ ದೂರಿನೊಳಗೆ ಎರಡು ಎಳೆಗಳಿವೆ. ಒಂದು ಅಭಿಮಾನದ್ದು: ಇದು ನನ್ನ ನಾಡು, ನನಗೇಕೆ ತಡೆ ಎಂಬುದು. ಇನ್ನೊಂದು ನ್ಯಾಯದ್ದು: ಸಾರ್ವಜನಿಕವೆಂದ ಮೇಲೆ ಎಲ್ಲರಿಗೂ ಸೇರಿದ್ದು, ಅದಕ್ಕೆ ಬಾಗಿಲು ಹಾಕಲು ಇವರು ಯಾರು ಎಂಬುದು. ಮೊದಲನೆಯದನ್ನು ನಾನು ಒಪ್ಪಲಾರೆ. ಎರಡನೆಯದು ಗಂಭೀರವಾದ ಪ್ರಶ್ನೆ. ಅದನ್ನು ಸರಿಯಾಗಿ ಕೇಳುವುದನ್ನು ನಾವಿನ್ನೂ ಕಲಿಯಬೇಕಾಗಿದೆ. ಬಾಗಿಲು ಬೇಕೇ ಬೇಡವೇ ಎಂಬ ವಾದದಲ್ಲಿ ಮುಳುಗಿರುವ ನಾವು, ಅದನ್ನು ಯಾತಕ್ಕಾಗಿ ಹಾಕಿದ್ದಾರೆ, ಕೀಲಿಕೈ ಯಾರ ಬಳಿಯಿದೆ, ಹೊರಗುಳಿಯುವವರು ಯಾರು ಎಂಬ ಮೂರು ಪ್ರಶ್ನೆಗಳನ್ನು ಕೇಳುತ್ತಲೇ ಇಲ್ಲ. ಈ ಲೇಖನ ಆ ಮೂರು ಪ್ರಶ್ನೆಗಳನ್ನು ಕುರಿತದ್ದು.

ಕಾಸ್‌ನಿಂದಲೇ ಆರಂಭಿಸುತ್ತೇನೆ. ಪುಣೆ, ಮುಂಬಯಿಗಳ ಕನ್ನಡಿಗರು ಬಹುಮಂದಿ ಅದನ್ನು ಕಂಡವರು. ಮೇಲಾಗಿ ಅಲ್ಲಿ ನಾವು ನಿಸ್ಸಂದೇಹವಾಗಿ ಅತಿಥಿಗಳಾದ್ದರಿಂದ ಅಭಿಮಾನದ ಎಳೆ ನಮ್ಮ ಕಣ್ಣಿಗೆ ಅಡ್ಡ ಬರುವುದಿಲ್ಲ. ಸಾತಾರಾ ಪಟ್ಟಣದಿಂದ ಪಶ್ಚಿಮಕ್ಕೆ ಸುಮಾರು 25 ಕಿಲೋಮೀಟರು ದೂರ, ಸಮುದ್ರಮಟ್ಟದಿಂದ ಸುಮಾರು 1,200 ಮೀಟರು ಎತ್ತರದಲ್ಲಿ ಹಾಸಿಕೊಂಡ ಜಂಬಿಟ್ಟಿಗೆ ಕಲ್ಲಿನ ಬಯಲು ಅದು. ವರ್ಷದ ಬಹುಕಾಲ ಅಲ್ಲಿ ನೋಡಲು ಏನೂ ಇಲ್ಲವೆಂದೇ ಹೇಳಬೇಕು. ಬೇಸಿಗೆಯಲ್ಲಿ ಕರಿಗಟ್ಟಿದ ಬಂಡೆ, ಒಣಗಿದ ಹುಲ್ಲು. ಮಳೆ ಹಿಡಿದು ತಗ್ಗುವ ಹೊತ್ತಿಗೆ, ಆಗಸ್ಟಿನಿಂದ ಅಕ್ಟೋಬರಿನವರೆಗೆ, ಅದೇ ಬಂಡೆಯ ಮೇಲೆ ನೀಲಿ, ಹಳದಿ, ನಸುಗೆಂಪಿನ ಹಾಸುಗಳು ಒಂದರ ಹಿಂದೊಂದು ಹರಡಿಕೊಳ್ಳುತ್ತವೆ. ಹೂಬಿಡುವ ಸುಮಾರು 850 ಬಗೆಯ ಸಸ್ಯಗಳನ್ನು ಅಲ್ಲಿ ಗುರುತಿಸಿದ್ದಾರೆ. 2012ರಲ್ಲಿ ಯುನೆಸ್ಕೊ ಪಶ್ಚಿಮ ಘಟ್ಟದ 39 ತಾಣಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಕಾಸ್ ಅದರಲ್ಲಿ ಒಂದಾಯಿತು. ಅದೇ ಪಟ್ಟಿಯಲ್ಲಿ ಕರ್ನಾಟಕದ ಹತ್ತು ತಾಣಗಳಿವೆ. ನಾನು ಮೇಲೆ ಹೇಳಿದ ಪುಷ್ಪಗಿರಿ ಅವುಗಳಲ್ಲಿ ಒಂದು. ಕಾಸ್ ಮತ್ತು ಕುಮಾರ ಪರ್ವತ ಭಾಷೆಯಿಂದ ಬೇರೆಯಾದರೂ ಒಂದೇ ಬೆಟ್ಟಸಾಲಿನ ಒಡಹುಟ್ಟುಗಳು.

ಕಾಸ್‌ನ ಸೊಬಗು ಎಷ್ಟು ತೆಳುವಾದ ಆಧಾರದ ಮೇಲೆ ನಿಂತಿದೆಯೆಂಬುದನ್ನು ತಿಳಿಯದೆ ಅಲ್ಲಿನ ನಿಯಮ ಅರ್ಥವಾಗುವುದಿಲ್ಲ. ಬಂಡೆಯ ಮೇಲಿನ ಮಣ್ಣು ಅನೇಕ ಕಡೆ ಒಂದೆರಡು ಅಂಗುಲ ಮಾತ್ರ. ಮಳೆಗಾಲದಲ್ಲಿ ಅದು ನೀರಿನಲ್ಲಿ ಮುಳುಗಿರುತ್ತದೆ, ಮಳೆ ನಿಂತ ಕೆಲವೇ ವಾರಗಳಲ್ಲಿ ಬಿರಿದು ಒಣಗುತ್ತದೆ. ಈ ನಡುವಿನ ಸಣ್ಣ ಅವಧಿಯಲ್ಲೇ ಬೀಜ ಮೊಳೆತು, ಗಿಡವಾಗಿ, ಹೂಬಿಟ್ಟು, ಮತ್ತೆ ಬೀಜವಾಗಿ ಮಣ್ಣಿಗೆ ಬೀಳಬೇಕು. ಮಣ್ಣು ಎಷ್ಟು ಬಡವೆಂದರೆ ಅಲ್ಲಿನ ಕೆಲವು ಗಿಡಗಳು ಸಣ್ಣ ಜೀವಿಗಳನ್ನು ಹಿಡಿದು ತಿಂದು ಬದುಕುತ್ತವೆ. ಮರಾಠಿಗರು 'ಸೀತೆಯ ಕಣ್ಣೀರು' ಎಂಬ ಅರ್ಥದ ಹೆಸರಿನಿಂದ ಕರೆಯುವ ಪುಟ್ಟ ನೀಲಿ ಹೂ ಅಂಥದ್ದು. ಏಳು ವರ್ಷಕ್ಕೊಮ್ಮೆ ಬಯಲೆಲ್ಲ ಅರಳುವ 'ಟೋಪಲಿ ಕಾರವಿ' ನಮ್ಮ ಕುರಿಂಜಿಯ ಬಳಗದ್ದು. ಇಂಥ ನೆಲದ ಮೇಲೆ ಹೂವಿನ ನಡುವೆ ಕುಳಿತು ಚಿತ್ರ ತೆಗೆಸಿಕೊಳ್ಳುವವನು ಕೀಳುವುದು ಒಂದೆರಡು ಹೂಗಳನ್ನಷ್ಟೇ ಇರಬಹುದು. ಆದರೆ ಅವನು ಒತ್ತಿದ ಮಣ್ಣಿನಲ್ಲಿ ನೀರು ನಿಲ್ಲುವ ಬಗೆ ಬದಲಾಗುತ್ತದೆ; ಬೀಜವಾಗದೆ ನೆಲಕಚ್ಚಿದ ಗಿಡ ಮರುವರ್ಷದ ಲೆಕ್ಕದಿಂದಲೇ ಕಳೆದುಹೋಗುತ್ತದೆ.

ವಿಶ್ವ ಪರಂಪರೆಯ ಪಟ್ಟ ದೊರೆತ ಮೇಲೆ ಜನ ಸಾಗರದಂತೆ ಬಂದರು. ವಾರಾಂತ್ಯಗಳಲ್ಲಿ ಸಾತಾರಾದ ಘಟ್ಟದ ರಸ್ತೆಯಲ್ಲಿ ಕಾರುಗಳು ಸಾಲುಗಟ್ಟಿದವು. ಮೇಲೆ ಹೇಳಿದ ಮಿತಿ ಬಂದದ್ದು ಆಗ. ಮುಂಗಡ ನೋಂದಣಿ ಬಂತು. ವಾಹನಗಳನ್ನು ದೂರದಲ್ಲೇ ನಿಲ್ಲಿಸುವ ಏರ್ಪಾಡಾಯಿತು. ನಡೆಯುವ ದಾರಿಗಳನ್ನು ಗುರುತಿಸಿದರು. ಇದರಲ್ಲಿ ನಾನು ಮೆಚ್ಚುವ ಅಂಶ ಇನ್ನೊಂದಿದೆ. ನಿತ್ಯದ ಉಸ್ತುವಾರಿಯನ್ನು ಅರಣ್ಯ ಇಲಾಖೆ ಸುತ್ತಲಿನ ಹಳ್ಳಿಗಳ ಸಂಯುಕ್ತ ಅರಣ್ಯ ನಿರ್ವಹಣಾ ಸಮಿತಿಗಳೊಡನೆ ಹಂಚಿಕೊಂಡಿತು. ಹೂವಿನ ಕಾಲದಲ್ಲಿ ಕಾವಲು ಕಾಯುವವರು, ದಾರಿ ತೋರಿಸುವವರು, ಚೀಟಿ ಹರಿಯುವವರು ಆ ಹಳ್ಳಿಗಳ ಯುವಕ ಯುವತಿಯರೇ. "ದಾರಿ ಬಿಟ್ಟು ಇಳಿಯಬೇಡಿ" ಎಂದು ಸೀಟಿ ಊದುವ ಹುಡುಗಿಯ ಊರೇ ಆ ಬಯಲಿನ ಅಂಚಿನಲ್ಲಿರುವಾಗ ಆ ಸೀಟಿಗೆ ಬೇರೆಯೇ ಒಂದು ಅಧಿಕಾರವಿರುತ್ತದೆ.

ಹಾಗೆಂದು ಕಾಸ್‌ನಲ್ಲಿ ಎಲ್ಲವೂ ಸರಿಯಾಯಿತೆಂದು ಹೇಳಲಾರೆ. ಪ್ರವಾಸಿಗಳನ್ನು ತಡೆಯಲೆಂದು ಅಲ್ಲಿ ತಂತಿಯ ಬೇಲಿ ಹಾಕಿದ್ದರು. ಬೇಲಿ ಮನುಷ್ಯರನ್ನು ತಡೆಯಿತು. ಅದರೊಡನೆ ತಲೆತಲಾಂತರದಿಂದ ಅಲ್ಲಿ ಮೇಯುತ್ತಿದ್ದ ದನಕರುಗಳನ್ನೂ ತಡೆಯಿತು. ಕೆಲವು ವರ್ಷಗಳಲ್ಲಿ ಹೂವಿನ ಹಾಸು ಕುಗ್ಗುತ್ತಿದೆಯೆಂದು ಹಳ್ಳಿಗರೂ ಕೆಲವು ಸಸ್ಯತಜ್ಞರೂ ಹೇಳತೊಡಗಿದರು. ದನ ಮೇಯದೆ ಎತ್ತರದ ಹುಲ್ಲು ಬೆಳೆದು ಸಣ್ಣ ಗಿಡಗಳ ಬೆಳಕನ್ನು ಕಸಿಯಿತು, ಸಗಣಿಯ ಸಾರ ಆ ಬಡ ಮಣ್ಣಿಗೆ ಇಲ್ಲವಾಯಿತು ಎಂಬುದು ಅವರ ವಾದ. ಕೊನೆಗೆ ಬೇಲಿಯನ್ನು ತೆಗೆದುಹಾಕಿದರು. ಹೊರಗಿನಿಂದ ಬರುವ ನಮ್ಮ ಹಾವಳಿಯನ್ನು ತಡೆಯಲು ಹೊರಟವರು ಒಳಗಿನವರ ಬಾಳುವೆಯನ್ನೂ ಅದೇ ಬೇಲಿಯೊಳಗೆ ಕಟ್ಟಿದರು. ಆ ಬಾಳುವೆಯೂ ಹೂವಿನ ಒಂದು ಕಾರಣವಾಗಿರಬಹುದೆಂದು ಯಾರಿಗೂ ಮೊದಲು ಹೊಳೆಯಲಿಲ್ಲ. ನೋಡಲು ಬಂದವನ ಹೆಜ್ಜೆಯನ್ನೂ ಮೇಯಿಸಲು ಬಂದವನ ಹೆಜ್ಜೆಯನ್ನೂ ಒಂದೇ ಲೆಕ್ಕದಲ್ಲಿ ಬರೆಯಬಾರದೆಂಬುದೇ ಈ ಬೇಲಿ ಕಲಿಸಿದ ಪಾಠ.

ಇಲ್ಲಿಂದ ಸಂಖ್ಯೆಯ ಪ್ರಶ್ನೆಗೆ ಬರೋಣ. ದಿನಕ್ಕೆ ಮೂರು ಸಾವಿರ ಏಕೆ, ನಾಲ್ಕು ಸಾವಿರ ಏಕಲ್ಲ? 1,200 ವಾಹನಗಳೇಕೆ, 900 ಏಕಲ್ಲ? ನಮ್ಮ ಹಳ್ಳಿಗಾಡಿನವರಿಗೆ ಈ ಬಗೆಯ ಲೆಕ್ಕ ಹೊಸದಲ್ಲ. ಈ ಗೋಮಾಳದಲ್ಲಿ ಎಷ್ಟು ದನ ಮೇಯಬಹುದು ಎಂಬ ಅಂದಾಜು ಪ್ರತಿ ಊರಿನ ಹಿರಿಯರಿಗೂ ಇರುತ್ತಿತ್ತು. ಕಾಡು ಬೆಟ್ಟಗಳಿಗೆ ಬರುವ ವಿಹಾರಿಗಳ ವಿಷಯದಲ್ಲೂ ವಿದ್ವಾಂಸರು ಮೊದಲು ಹಿಡಿದದ್ದು ಹುಲ್ಲುಗಾವಲಿನ ಈ ಲೆಕ್ಕವನ್ನೇ. ಆದರೆ ಅಮೆರಿಕದ ಜೆ. ಅಲನ್ ವೇಗರ್ ಎಂಬ ಸಂಶೋಧಕರು 1964ರಷ್ಟು ಹಿಂದೆಯೇ, ವಿಹಾರದ ನೆಲದ ಧಾರಣಶಕ್ತಿ ಕೇವಲ ಮಣ್ಣು ಗಿಡಗಳ ಪ್ರಶ್ನೆಯಲ್ಲ, ಅದು ಮನುಷ್ಯರು ಬೆಲೆಕೊಡುವ ಮೌಲ್ಯಗಳ ಪ್ರಶ್ನೆಯೂ ಹೌದೆಂದು ತೋರಿಸಿದರು. 1985ರಲ್ಲಿ ಆ ದೇಶದ ಅರಣ್ಯ ಸೇವೆಯ ಸಂಶೋಧಕರು ಪ್ರಶ್ನೆಯನ್ನೇ ಬದಲಿಸಿದರು. 'ಎಷ್ಟು ಜನ ಬಂದರೆ ಹೆಚ್ಚಾಯಿತು?' ಎಂದು ಕೇಳುವ ಬದಲು, 'ಈ ನೆಲ ಯಾವ ಸ್ಥಿತಿಯಲ್ಲಿ ಉಳಿಯಬೇಕು, ಎಷ್ಟರ ಮಟ್ಟಿನ ಬದಲಾವಣೆಯನ್ನು ನಾವು ಸಹಿಸಬಹುದು?' ಎಂದು ಮೊದಲು ನಿಶ್ಚಯಿಸಿ, ಆ ಸ್ಥಿತಿಯನ್ನು ಅಳೆಯುವ ಗುರುತುಗಳನ್ನು ಗೊತ್ತುಮಾಡಿ, ವರ್ಷವರ್ಷವೂ ಅಳೆದು, ಮಿತಿ ಮೀರಿದಾಗ ಕ್ರಮ ಕೈಗೊಳ್ಳಬೇಕೆಂಬುದು ಅವರ ವಿಧಾನ. ಸಂಖ್ಯೆ ಆ ಕ್ರಮಗಳಲ್ಲಿ ಒಂದು ಮಾತ್ರ.

ಈ ಸಂಶೋಧನೆಗಳಿಂದ ಹೊರಬಿದ್ದ ಇನ್ನೊಂದು ವಿಷಯ ಸಾಮಾನ್ಯ ಬುದ್ಧಿಗೆ ವಿರುದ್ಧವಾಗಿ ತೋರುತ್ತದೆ. ಯಾರೂ ತುಳಿಯದ ನೆಲಕ್ಕೆ ಮೊದಲು ಕಾಲಿಟ್ಟ ಕೆಲವರಿಂದಲೇ ಹೆಚ್ಚಿನ ಹಾನಿಯಾಗುತ್ತದೆ. ದಾರಿ ಸವೆದ ಮೇಲೆ ಅದೇ ದಾರಿಯಲ್ಲಿ ಇನ್ನೂ ನೂರು ಮಂದಿ ನಡೆದರೆ ಸೇರುವ ಹಾನಿ ಅಷ್ಟಾಗಿರುವುದಿಲ್ಲ. ಆದ್ದರಿಂದ ಜನರನ್ನು ಅರ್ಧಕ್ಕೆ ಇಳಿಸಿದ ಮಾತ್ರಕ್ಕೆ ಹಾನಿ ಅರ್ಧವಾಗುವುದಿಲ್ಲ. ಮುನ್ನೂರು ಮಂದಿ ಗುರುತಿಸಿದ ದಾರಿಯಲ್ಲೇ ನಡೆದು, ಗುರುತಿಸಿದ ಕಡೆಯೇ ಬೀಡುಬಿಟ್ಟು, ತಂದದ್ದನ್ನೆಲ್ಲ ಹಿಂದಕ್ಕೆ ಒಯ್ದರೆ ಬೆಟ್ಟ ತಾಳಿಕೊಳ್ಳಬಹುದು. ಮೂವತ್ತೇ ಮಂದಿ ತಮಗೆ ತೋಚಿದಲ್ಲಿ ಹೊಸ ದಾರಿ ತುಳಿದು ಬೆಂಕಿ ಹಾಕಿದರೆ ತಾಳಲಾರದು. ಯಾವ ತಿಂಗಳು, ಯಾವ ದಾರಿ, ಹೇಗೆ ಬಂದರು, ಏನು ಬಿಟ್ಟುಹೋದರು ಎಂಬ ಪ್ರಶ್ನೆಗಳು 'ಎಷ್ಟು ಮಂದಿ' ಎಂಬುದಕ್ಕಿಂತ ಕಡಿಮೆ ತೂಕದವಲ್ಲ. ಬಾಗಿಲಲ್ಲಿ ಸಂಖ್ಯೆಯ ಫಲಕ ತೂಗುಹಾಕಿ, ಒಳಗೆ ಒಬ್ಬ ಕಾವಲುಗಾರನನ್ನೂ ಇಡದ ವ್ಯವಸ್ಥೆಯನ್ನು ನಾನು ಯೋಜನೆಯೆಂದು ಕರೆಯಲಾರೆ.

ಯೋಜನೆಯೇ ಇಲ್ಲದಿದ್ದರೆ ಏನಾಗುತ್ತದೆಂಬುದನ್ನು ತಿಳಿಯಲು ಪುಣೆಯವರು ಬಹುದೂರ ಹೋಗಬೇಕಾಗಿಲ್ಲ. 2024ರ ಜೂನ್ 30ರ ಭಾನುವಾರ ಲೋಣಾವಳದ ಭುಶಿ ಅಣೆಕಟ್ಟಿನ ಹಿಂಬದಿಯ ಜಲಪಾತದಲ್ಲಿ ನಿಂತಿದ್ದ ಒಂದೇ ಕುಟುಂಬದ ಐವರು, ಮಕ್ಕಳೂ ಸೇರಿ, ಏಕಾಏಕಿ ಏರಿದ ನೀರಿನಲ್ಲಿ ಕೊಚ್ಚಿಹೋದರು. ವರ್ಷ ತುಂಬುವಷ್ಟರಲ್ಲಿ, 2025ರ ಜೂನ್ 15ರಂದು, ಅದೂ ಭಾನುವಾರವೇ, ಮಾವಳ ತಾಲ್ಲೂಕಿನ ಕುಂಡಮಳಾದಲ್ಲಿ ಇಂದ್ರಾಯಣಿಯ ಮೇಲಿನ ಹಳೆಯ ಕಬ್ಬಿಣದ ಸೇತುವೆ ಪ್ರವಾಸಿಗಳ ಭಾರಕ್ಕೆ ಕುಸಿದು ನಾಲ್ವರು ಸತ್ತರು, ಹಲವರು ಗಾಯಗೊಂಡರು. ಸೇತುವೆ ಅಪಾಯಕಾರಿಯೆಂಬ ಎಚ್ಚರಿಕೆಯ ಫಲಕ ಅಲ್ಲಿತ್ತು. ಫಲಕವಿತ್ತು, ತಡೆಯುವವರಿರಲಿಲ್ಲ. ಭುಶಿಯ ದುರಂತದ ನಂತರ ಜಿಲ್ಲಾಡಳಿತ ಅನೇಕ ತಾಣಗಳಲ್ಲಿ ನಿಷೇಧಾಜ್ಞೆ ಹೊರಡಿಸಿತು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರೆಂಬ ಗಾದೆ ಇಂಥದ್ದಕ್ಕೇ ಹುಟ್ಟಿರಬೇಕು. ಮುಕ್ತ ಪ್ರವೇಶವೆಂದು ನಾವು ಹೊಗಳುವುದು ಎಷ್ಟೋ ಸಲ ಯಾರೂ ಹೊಣೆ ಹೊರದ ಸ್ಥಿತಿಗೆ ಇಟ್ಟ ಚೆಂದದ ಹೆಸರು. ಅದರ ಇನ್ನೊಂದು ತುದಿಯೇ ಸಾರಾಸಗಟು ನಿಷೇಧ. ವರ್ಷದ ಹನ್ನೊಂದು ತಿಂಗಳು ಯಾರೂ ಕೇಳುವುದಿಲ್ಲ, ಅನಾಹುತವಾದ ತಿಂಗಳು ಯಾರನ್ನೂ ಬಿಡುವುದಿಲ್ಲ. ಈ ಎರಡು ತುದಿಗಳ ನಡುವಿನ ಶ್ರಮದ ಹಾದಿಯೇ ನಿರ್ವಹಣೆ.

ಈ ಬಗೆಯ ಕಟ್ಟುಪಾಡು ಪರದೇಶದಿಂದ ಬಂದ ಹೊಸ ವಿದ್ಯೆಯೆಂದು ಯಾರೂ ತಿಳಿಯಬೇಕಿಲ್ಲ. ಕೊಡಗಿನಲ್ಲಿ ಸಾವಿರಕ್ಕೂ ಹೆಚ್ಚು ದೇವರಕಾಡುಗಳಿವೆ. ಸಹ್ಯಾದ್ರಿಯ ಮರಾಠಿ ಸೀಮೆಯಲ್ಲಿ ಅವೇ ದೇವರಾಈಗಳು. ಅಲ್ಲಿ ಕೊಡಲಿ ಹಾಕುವಂತಿಲ್ಲ. ಎಷ್ಟೋ ಕಡೆ ಮೆಟ್ಟು ಕಳಚಿಯೇ ಒಳಹೋಗಬೇಕು. ಇಂಥ ದಿನವೇ ಹೋಗಬೇಕೆಂಬ ಕಟ್ಟಳೆಗಳೂ ಉಂಟು. ನಮ್ಮ ಹಿರಿಯರು ಆ ಕಾಡುಗಳನ್ನು ಎಲ್ಲರದೆಂದೇ ಭಾವಿಸಿದ್ದರು. ಎಲ್ಲರದಾದ್ದರಿಂದಲೇ ಯಾರೊಬ್ಬರ ಇಷ್ಟಕ್ಕೂ ಬಿಟ್ಟಿರಲಿಲ್ಲ. ಆದರೆ ಈ ಪರಂಪರೆಯನ್ನು ಕೊಂಡಾಡುವಾಗ ಒಂದು ಮಾತನ್ನು ಮರೆಯಬಾರದು. ದೇವರಕಾಡಿನ ಕಟ್ಟಳೆ ನಡೆದದ್ದು ಒಬ್ಬರನ್ನೊಬ್ಬರು ಬಲ್ಲ ಊರಿನವರ ನಡುವೆ. ತಪ್ಪಿದವನ ಮನೆ ಯಾವುದೆಂದು ಎಲ್ಲರಿಗೂ ಗೊತ್ತಿತ್ತು. ಬೆಂಗಳೂರಿನಿಂದಲೂ ಪುಣೆಯಿಂದಲೂ ಹೈದರಾಬಾದಿನಿಂದಲೂ ರಾತ್ರೋರಾತ್ರಿ ಬಂದಿಳಿಯುವ ಸಾವಿರಾರು ಅಪರಿಚಿತರನ್ನು ಭಕ್ತಿಯೊಂದೇ ಹಿಡಿದಿಡಲಾರದು. ಅಲ್ಲಿ ಚೀಟಿಯೂ ಬೇಕು, ಸೀಟಿಯೂ ಬೇಕು.

ಕಾನೂನೂ ಇದನ್ನೇ ಹೇಳುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಭಯಾರಣ್ಯದೊಳಗೆ ಹೋಗಲು ಪರವಾನಗಿ ಬೇಕು. ಪರವಾನಗಿ ಕೊಡಬಹುದಾದ ಉದ್ದೇಶಗಳ ಪಟ್ಟಿಯಲ್ಲಿ ಅಧ್ಯಯನ, ಛಾಯಾಗ್ರಹಣ, ಸಂಶೋಧನೆಗಳೊಡನೆ ಪ್ರವಾಸವೂ ಒಂದು. ಒಳಗೆ ಸ್ಥಿರಾಸ್ತಿಯ ಹಕ್ಕುಳ್ಳವರಿಗೂ ಸಾರ್ವಜನಿಕ ಹೆದ್ದಾರಿಯಲ್ಲಿ ಹಾದುಹೋಗುವವರಿಗೂ ಅದೇ ಕಾಯಿದೆ ಬೇರೆಯೇ ಸ್ಥಾನ ಕೊಟ್ಟಿದೆ. ಅಂದರೆ ಬಾಳುವವನು ಬೇರೆ, ನೋಡಲು ಬರುವವನು ಬೇರೆ ಎಂಬ ವಿವೇಚನೆ ಐದು ದಶಕಗಳ ಹಿಂದೆಯೇ ಕಾನೂನಿನಲ್ಲಿ ಸೇರಿದೆ. ಕುಮಾರ ಪರ್ವತಕ್ಕೆ ಅಪ್ಪಣೆ ಬೇಕೆಂಬುದು 2024ರಲ್ಲಿ ಹುಟ್ಟಿದ ಅವಮಾನವಲ್ಲ. ಅಷ್ಟು ಕಾಲ ನಮ್ಮನ್ನು ಬಿಗಿಯಾಗಿ ಎಣಿಸದೆ ಇದ್ದದ್ದು ನಮ್ಮ ಹಕ್ಕೂ ಅಲ್ಲ.

ಈಗ ನ್ಯಾಯದ ಎಳೆಗೆ ಬರುತ್ತೇನೆ. ಇಲ್ಲಿ ನನ್ನ ದನಿ ಸರ್ಕಾರದ ಪರವಾಗಿರುವುದಿಲ್ಲ. ಆನ್‌ಲೈನ್ ನೋಂದಣಿ ನೋಡಲು ಸಮಾನತೆಯ ವ್ಯವಸ್ಥೆ: ಮೊದಲು ಬಂದವರಿಗೆ ಮೊದಲ ಪಾಲು. ಆದರೆ ಮೊದಲು ಬರುವವರು ಯಾರು? ಒಳ್ಳೆಯ ದೂರವಾಣಿಯುಳ್ಳವರು, ಬ್ಯಾಂಕಿನ ಕಾರ್ಡುಳ್ಳವರು, ತಿಂಗಳ ಮುಂಚೆಯೇ ರಜೆಯನ್ನು ಗೊತ್ತುಮಾಡಿಕೊಳ್ಳಬಲ್ಲ ನೌಕರಿಯುಳ್ಳವರು. ಬಹುಮಟ್ಟಿಗೆ ನಾವೇ. ಸೋಮವಾರಪೇಟೆಯ ತೋಟದ ಕೂಲಿಯವನಿಗೆ ಅನಿರೀಕ್ಷಿತವಾಗಿ ಒಂದು ದಿನದ ಬಿಡುವು ಸಿಕ್ಕು, ತನ್ನ ಮನೆಯಂಗಳದಿಂದ ದಿನವೂ ಕಾಣುವ ಬೆಟ್ಟಕ್ಕೆ ಮಗನನ್ನು ಕರೆದೊಯ್ಯಬೇಕೆನಿಸಿದರೆ ಅವನು ಏನು ಮಾಡಬೇಕು? ಆ ದಿನದ ಪಾಲನ್ನೆಲ್ಲ ಬೆಂಗಳೂರಿನ ಚಾರಣದ ಏಜೆಂಟರು ಮೊದಲೇ ಬಾಚಿಕೊಂಡಿದ್ದರೆ? ಸಾರ್ವಜನಿಕ ನೆಲದ ಮೇಲಿನ ಮಿತಿ, ಹಣ ಮತ್ತು ಹವಣಿಕೆಯುಳ್ಳವರಿಗೆ ಕಾಯ್ದಿಟ್ಟ ಖಾಸಗಿ ತೋಟವಾಗಿ ಮಾರ್ಪಡಲು ಹೆಚ್ಚು ಹೊತ್ತು ಬೇಕಿಲ್ಲ. ಶುಲ್ಕ ಏರಿಸಿ ಗುಂಪು ಇಳಿಸುವ ಉಪಾಯವಂತೂ ನೇರವಾಗಿ ಬಡವನನ್ನೇ ಹೊರಗಿಡುತ್ತದೆ.

ಆದ್ದರಿಂದ ನಾವು ಕೇಳಬೇಕಾದದ್ದು ಬಾಗಿಲು ಕೀಳಿರೆಂದಲ್ಲ; ನ್ಯಾಯವಾದ ಬಾಗಿಲನ್ನು ಹಾಕಿರೆಂದು. ದಿನದ ಪಾಲಿನಲ್ಲಿ ಒಂದಂಶವನ್ನು ಅದೇ ದಿನ, ಅದೇ ಸ್ಥಳದಲ್ಲಿ, ನಗದು ಪಡೆದು ಕೊಡುವ ಕಿಟಕಿಗೆ ಮೀಸಲಿಡಬೇಕು. ಸುತ್ತಲಿನ ಗ್ರಾಮ ಪಂಚಾಯಿತಿಗಳ ನಿವಾಸಿಗಳಿಗೂ ಅಲ್ಲಿನ ಶಾಲೆಗಳ ಮಕ್ಕಳಿಗೂ ಶುಲ್ಕವಿರಬಾರದು. ಒಬ್ಬ ಏಜೆಂಟನ ಹೆಸರಿನಲ್ಲಿ ಗಂಟುಗಂಟಾಗಿ ಚೀಟಿ ಹೋಗದಂತೆ ತಡೆಯಿರಬೇಕು. ನೋಂದಣಿಯ ಪುಟ ಸರಳ ಕನ್ನಡದಲ್ಲಿ ತೆರೆಯಬೇಕು. ಮಂತ್ರಿಯ ಪತ್ರ, ಅಧಿಕಾರಿಯ ದೂರವಾಣಿ ಕರೆಗಳಿಂದ ಬಾಗಿಲು ತೆರೆಯಬಾರದು. ಸಾಲಿನಲ್ಲಿ ನಿಂತವನ ಮುಂದೆ ಶಿಫಾರಸಿನವನು ಒಳಹೋದ ಕ್ಷಣದಲ್ಲಿ ನಿಯಮ ಸತ್ತಿತೆಂದೇ ತಿಳಿಯಬೇಕು. ಬಂದ ಹಣದಲ್ಲಿ ಎಷ್ಟು ಹಳ್ಳಿಗೆ ಹೋಯಿತು, ಎಷ್ಟು ದಾರಿಯ ದುರಸ್ತಿಗೆ ಹೋಯಿತು, ವರ್ಷದ ಕೊನೆಗೆ ಬೆಟ್ಟದ ಸ್ಥಿತಿ ಹೇಗಿದೆ ಎಂಬುದನ್ನು ಪ್ರತಿವರ್ಷವೂ ಪ್ರಕಟಿಸಬೇಕು. ಕಾರಣ ಹೇಳದ ಮಿತಿ ಬರಿಯ ದರ್ಪವಾಗಿ ಕಾಣುತ್ತದೆ. ಕಾರಣ ತಿಳಿದ ಮಿತಿಗೆ ಜನ ಅರ್ಧದಷ್ಟಾದರೂ ತಾವಾಗಿಯೇ ಒಳಗಾಗುತ್ತಾರೆ.

ವಾಹನಗಳ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕು. ವಾಹನಗಳನ್ನಷ್ಟೇ ಎಣಿಸುವ ಪದ್ಧತಿಯಲ್ಲಿ ಇಬ್ಬರು ಕುಳಿತ ಕಾರೂ ಒಂದೇ, ನಲವತ್ತು ಮಂದಿಯ ಬಸ್ಸೂ ಒಂದೇ. ಗಿರಿಯ ಕಿರಿದಾದ ರಸ್ತೆಗೆ ಭಾರವಾಗುವುದು ಮನುಷ್ಯರಿಗಿಂತ ಹೆಚ್ಚಾಗಿ ಅವರು ತಂದ ಕಬ್ಬಿಣ. ನೀಲಗಿರಿಯ ವ್ಯವಸ್ಥೆಯಲ್ಲಿ ಸರ್ಕಾರಿ ಬಸ್ಸು, ರೈಲುಗಳಲ್ಲಿ ಬಂದವರಿಗೆ ಇ-ಪಾಸಿನ ಅಗತ್ಯವಿರಲಿಲ್ಲ. ಸ್ಥಳೀಯರ ವಾಹನಗಳಿಗೂ ವಿನಾಯಿತಿಯಿತ್ತು. ಇದು ಅನುಕರಣೀಯವಾದ ವಿವೇಕ. ಮುಳ್ಳಯ್ಯನಗಿರಿಗೆ ಹೋಗುವವರು ಕಾರನ್ನು ಕೆಳಗೇ ಬಿಟ್ಟು, ಸರ್ಕಾರಿ ಬಸ್ಸುಗಳಲ್ಲೋ ಅಲ್ಲಿನ ಚಾಲಕರ ಜೀಪುಗಳಲ್ಲೋ ಮೇಲೇರುವಂತಾದರೆ ಹೆಚ್ಚು ಮಂದಿ ನೋಡಬಹುದು, ಕಡಿಮೆ ಹೊಗೆ ಏಳುತ್ತದೆ, ದುಡಿಮೆಯೂ ಊರಿನವರಿಗೇ ಉಳಿಯುತ್ತದೆ. ಇಲ್ಲಿ ನಿರ್ಬಂಧ ಬೀಳುವುದು ನಮ್ಮ ಸೌಕರ್ಯದ ಮೇಲೆ ಮಾತ್ರ, ನಮ್ಮ ದರ್ಶನದ ಮೇಲಲ್ಲ.

ಮಿತಿಯಿಂದ ಸ್ಥಳೀಯರ ಹೊಟ್ಟೆಪಾಡಿಗೆ ಪೆಟ್ಟು ಬೀಳುತ್ತದೆಂಬ ಆಕ್ಷೇಪವಿದೆ. ಅದು ಸುಳ್ಳಲ್ಲ. ಹೋಂಸ್ಟೇ ನಡೆಸುವವರು, ಜೀಪು ಓಡಿಸುವವರು, ಜೋಳದ ತೆನೆ ಸುಟ್ಟು ಮಾರುವ ಹೆಂಗಸು ಇವರೆಲ್ಲ ಭಾನುವಾರದ ಗುಂಪನ್ನೇ ನೆಚ್ಚಿಕೊಂಡವರು. ಆದರೆ ಆ ಗುಂಪಿನ ಸ್ವರೂಪವನ್ನು ನೋಡಿ. ವಾರದ ಎರಡು ದಿನ ನೂಕುನುಗ್ಗಲು, ಐದು ದಿನ ಬಿಕೋ. 2022ರಲ್ಲಿ ಚಂದ್ರದ್ರೋಣ ಪರ್ವತದಲ್ಲಿ ಕುರಿಂಜಿ ಅರಳಿದಾಗ ಬಂದ ಜನ ಹೂ ಬಾಡಿದೊಡನೆ ಕರಗಿದರು. ಇಂಥ ಏರಿಳಿತವನ್ನು ಹಿಡಿದು ಬದುಕು ಕಟ್ಟಲು ಯಾರಿಗೂ ಸಾಧ್ಯವಿಲ್ಲ. ಭಾನುವಾರದ ಹೆಚ್ಚಳವನ್ನು ಬುಧವಾರಕ್ಕೆ ಹರಿಸುವುದು, ಒಂದೇ ಶಿಖರಕ್ಕೆ ನುಗ್ಗುವವರನ್ನು ಜಿಲ್ಲೆಯ ಇತರ ಸಿದ್ಧಪಡಿಸಿದ ತಾಣಗಳಿಗೆ ಹಂಚುವುದು ಯೋಜನೆಯ ಕೆಲಸ. ಸ್ಥಳೀಯರ ಹೆಸರು ಹೇಳಿ ಮಿತಿಯನ್ನು ವಿರೋಧಿಸುವ ನಾವು, ಸ್ಥಳೀಯರನ್ನು ಸಮಿತಿಯಲ್ಲಿ ಕೂರಿಸಿ ನಿರ್ಧಾರ ಮಾಡಿರೆಂದು ಎಷ್ಟು ಸಲ ಕೇಳಿದ್ದೇವೆ?

ಇನ್ನು ಅಭಿಮಾನದ ಎಳೆ. "ನಮ್ಮ ನಾಡು" ಎಂಬ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳುವವನಲ್ಲ. ಮನೆಯಲ್ಲಿ ಕನ್ನಡ ಉಳಿಸಲು, ಮಕ್ಕಳಿಗೆ ಅಕ್ಷರ ಕಲಿಸಲು ಹೊರನಾಡಿನಲ್ಲಿ ನಾವು ಪಡುವ ಪಾಡು ಒಳನಾಡಿನವರಿಗೆ ತಿಳಿಯದು. ಅಂಥ ಮಕ್ಕಳಿಗೆ ಜೋಗ, ಆಗುಂಬೆ, ತಲಕಾವೇರಿಗಳು ಪಠ್ಯಕ್ಕಿಂತ ದೊಡ್ಡ ಪಾಠ. ಆದರೆ ಪ್ರೀತಿ ಹಕ್ಕುಪತ್ರವಲ್ಲ. ಮುಂಬಯಿಯಲ್ಲಿ, ಪುಣೆಯಲ್ಲಿ, ಚೆನ್ನೈಯಲ್ಲಿ ನೆಲೆಸಿದ ನಾವು ಇನ್ನೊಂದು ಭಾಷೆಯವರ ಊರಿನ ಶಿಸ್ತಿಗೆ ಒಗ್ಗಿಕೊಂಡು ಬಾಳಿದವರು. ಕಾಸ್‌ನಲ್ಲಿ ಮರಾಠಿಯ ಹುಡುಗಿ ಸೀಟಿ ಊದಿದರೆ ಮರುಮಾತಿಲ್ಲದೆ ದಾರಿಗೆ ಮರಳುವ ನಾವು, ಕುಕ್ಕೆಯ ಕಡೆಯಿಂದ ಬೆಟ್ಟ ಹತ್ತುವಾಗ ಕನ್ನಡದ ಕಾವಲುಗಾರನೊಡನೆ "ನಾವು ಇಲ್ಲಿಯವರೇ ಮಾರಾಯರೇ" ಎಂದು ವಾದಕ್ಕಿಳಿಯುವುದು ಏಕೆ? ಆ ಬೆಟ್ಟದ ಬುಡದಲ್ಲಿ ವರ್ಷವಿಡೀ ಮಳೆ, ಜಿಗಣೆ, ಕಾಡಾನೆಗಳೊಡನೆ ಬಾಳುವವನು ಇಲ್ಲಿಯವನು. ವರ್ಷಕ್ಕೊಮ್ಮೆ ಬರುವ ನಾವು ಅವನ ಭಾಷೆ ಬಲ್ಲ ಅತಿಥಿಗಳು. ಅದೂ ಸಣ್ಣ ಗೌರವವಲ್ಲ.

ಎರಡೂ ಕಡೆ ಅತಿಥಿಗಳಾದವರಿಗೆ ಒಂದು ವಿಶೇಷ ಅನುಕೂಲವಿದೆ: ಒಂದು ಮನೆಯ ಒಳ್ಳೆಯ ಪದ್ಧತಿಯನ್ನು ಇನ್ನೊಂದು ಮನೆಗೆ ಹೇಳಬಹುದು. ಕಾಸ್‌ನ ಗ್ರಾಮ ಸಮಿತಿಗಳ ಅನುಭವ, ಅಲ್ಲಿನ ಬೇಲಿಯ ಪಾಠ, ನೀಲಗಿರಿಯ ಬಸ್ಸಿನ ವಿನಾಯಿತಿ ಇವನ್ನು ಕಣ್ಣಾರೆ ಕಂಡವರು ಹೊರನಾಡ ಕನ್ನಡಿಗರು. ನಮ್ಮ ಸಂಘಗಳು ಗಡಿ, ನೀರು, ನುಡಿಗಳ ಬಗ್ಗೆ ಬೆಂಗಳೂರಿಗೆ ಠರಾವು ಕಳಿಸಿವೆ. ಈ ವಿಷಯದಲ್ಲೂ ಒಂದು ಮನವಿ ಹೋಗಲಿ. ಅದು ನಮಗೆ ವಿನಾಯಿತಿ ಕೊಡಿರೆಂಬ ಮನವಿಯಾಗದೆ, ಮಿತಿಯನ್ನು ನ್ಯಾಯವಾಗಿ ಹಾಕಿರಿ, ಅದರ ಲೆಕ್ಕವನ್ನು ನಾಡಿನ ಮುಂದಿಡಿರಿ ಎಂಬ ಮನವಿಯಾಗಿರಲಿ.

ಅದಕ್ಕೆ ಮುನ್ನ ನಮ್ಮ ಅಂಗಳವನ್ನು ಗುಡಿಸಿಕೊಳ್ಳಬೇಕು. ನಮ್ಮ ಸಂಘಗಳ ವಾರ್ಷಿಕ ವಿಹಾರಗಳು ಬಹುಮಟ್ಟಿಗೆ ನಡೆಯುವುದು ಭಾನುವಾರ, ಅದೂ ಎಲ್ಲರೂ ಹೋಗುವ ತಿಂಗಳಲ್ಲಿ, ಎಲ್ಲರೂ ಹೋಗುವ ಕಡೆಗೆ, ಧ್ವನಿವರ್ಧಕದ ಸಮೇತ. ಮುಂದಿನ ವರ್ಷದಿಂದ ವಾರದ ನಡುವಿನ ದಿನವನ್ನು ಆರಿಸಿಕೊಳ್ಳೋಣ; ನಿವೃತ್ತರೂ ಗೃಹಿಣಿಯರೂ ಇರುವ ನಮ್ಮ ಸಂಘಗಳಿಗೆ ಇದು ಕಷ್ಟವಲ್ಲ. ದೊಡ್ಡ ತಂಡವನ್ನು ಸಣ್ಣ ತುಕಡಿಗಳಾಗಿ ಒಡೆಯೋಣ. ಊರಿನವರನ್ನೇ ದಾರಿ ತೋರಿಸಲು ಗೊತ್ತುಮಾಡಿ, ಚೌಕಾಸಿಯಿಲ್ಲದೆ ಕೂಲಿ ಕೊಡೋಣ. ಒಯ್ದ ಪೊಟ್ಟಣಗಳನ್ನೆಲ್ಲ ಎಣಿಸಿ ಮರಳಿ ತರೋಣ. ಚೀಟಿ ಸಿಗದ ದಿನ ಶಿಫಾರಸಿಗೆ ಕೈಚಾಚದೆ ಬೆಟ್ಟವನ್ನು ಕೆಳಗಿನಿಂದಲೇ ನೋಡಿ ಬರೋಣ. ಮಕ್ಕಳಿಗೆ ಕಾರಣ ಹೇಳೋಣ. ಶಿಖರ ಮುಟ್ಟಿದ ಮಗುವಿಗಿಂತ, ಶಿಖರವನ್ನು ಇನ್ನೊಬ್ಬರ ಸರದಿಗೆ ಬಿಟ್ಟು ಬಂದ ಮಗು ತಾಯ್ನಾಡಿನ ಬಗ್ಗೆ ಕಡಿಮೆ ಕಲಿತಿರುವುದಿಲ್ಲ.